ಹಲ್ಲಿನ ಕೋಣೆಯ ಸಬ್‌ಮರೀನ್

ನಾನು ಹಲ್ಲು ಕಟ್ಟುವವಳು. ಡಾಕ್ಟರ್ ಅಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ; ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ವಸಡು ತಿದ್ದಿ, ಹಲ್ಲುಗಳನ್ನು ಒಂದೊಂದಾಗಿ ನಿಲ್ಲಿಸಿ ಸೆಟ್ಟು ಮಾಡಿಕೊಡುವುದು ನನ್ನ ಕೆಲಸ. ಮನೆಯ ಹಿಂದಿನ ಕೋಣೆಯೇ ನನ್ನ ಕಾರ್ಖಾನೆ. ಕಪಾಟಿನ ತುಂಬ ಬಾಯಿಲ್ಲದ ನಗುಗಳು ಸಾಲಾಗಿ ಕುಳಿತಿರುವುದರಿಂದ ಹೊಸದಾಗಿ ಬಂದವರು ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುತ್ತಾರೆ. ನನಗಂತೂ ಅವುಗಳ ನಡುವೆ ನೆಮ್ಮದಿ. ಅವು ಎದುರು ಮಾತಾಡುವುದಿಲ್ಲ.

ಎದುರು ಮಾತಾಡುವ ಕೆಲಸವನ್ನು ನಮ್ಮ ಮನೆಯಲ್ಲಿ ಅಣ್ಣ ವಹಿಸಿಕೊಂಡಿದ್ದ. ಅವನೂ ಅತ್ತಿಗೆಯೂ ಇರುವುದು ಮಹಡಿಯ ಮೇಲೆ. ಊರಿನ ನೀರು ಸರಬರಾಜು ಕಚೇರಿಯಲ್ಲಿ ಅವನು ಮುಳುಗುಗಾರ. ಟ್ಯಾಂಕು, ಬಾವಿ, ಅಣೆಕಟ್ಟಿನ ಬಾಗಿಲು, ನೀರಿನಡಿಯಲ್ಲಿ ಏನು ಕೆಟ್ಟರೂ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿಯುವವನು ಅವನೇ. ನೀರಿನಡಿಯಲ್ಲಿ ಬಾಯಿ ಮುಚ್ಚಿಕೊಂಡಿದ್ದ ಬಾಕಿಯನ್ನೆಲ್ಲ ಮನೆಗೆ ಬಂದು ತೀರಿಸುತ್ತಿದ್ದ. ಊಟಕ್ಕೆ ಕುಳಿತರೆ ಅವನ ಮಾತು ಮುಗಿಯುವ ಹೊತ್ತಿಗೆ ನಮ್ಮ ಕೈ ಒಣಗಿರುತ್ತಿತ್ತು.

ಊರಾಚೆ ಒಂದು ಕಲ್ಲು ಕ್ವಾರಿ ಇದೆ. ಕಲ್ಲು ಒಡೆಯುವುದು ನಿಂತ ಮೇಲೆ ಒರತೆ ನುಗ್ಗಿ ಹೊಂಡ ತುಂಬಿತು. ಈಗ ಊರಿನ ಒಂದು ಭಾಗಕ್ಕೆ ಅಲ್ಲಿಂದಲೇ ನೀರು. ಕೆಲವು ಬೇಸಿಗೆಗಳ ಹಿಂದೆ ಅಲ್ಲಿಯ ಪಂಪಿನ ಪೈಪಿನ ತಳದ ಫುಟ್‌ವಾಲ್ವ್ ಕಸ ಕಟ್ಟಿಕೊಂಡಿತೆಂದು ಅಣ್ಣ ಇಳಿದ. ವಾಲ್ವ್ ಬಿಡಿಸಿ ತಿರುಗಿ ನೋಡಿದರೆ ಸುತ್ತಲೂ ಛತ್ರಿಗಳು. ನಾಣ್ಯದಷ್ಟು ಅಗಲದ, ಗಾಜಿಗಿಂತ ತಿಳಿಯಾದ ಛತ್ರಿಗಳು, ಬಿಚ್ಚುತ್ತ ಮುಚ್ಚುತ್ತ ಮೇಲಕ್ಕೆ ಏರುತ್ತಿದ್ದವಂತೆ. ಏರಿದವು ಬಿಚ್ಚಿಕೊಂಡು ಸುಮ್ಮನೆ ಕೆಳಗೆ ಇಳಿಯುತ್ತಿದ್ದವಂತೆ. ಅಣ್ಣ ಜಗತ್ತನ್ನೇ ಮರೆತು, ಇಳಿಯುವವುಗಳ ಹಿಂದೆ ತಾನೂ ಇಳಿದ. ಇಳಿಯುವಾಗ ಮೂಗು ಹಿಡಿದು ಊದಿ ಕಿವಿಯ ಒತ್ತಡ ಬಿಡಿಸಿಕೊಳ್ಳಬೇಕು. ಹೊಸಬರಿಗೆ ಅದನ್ನು ಗದರಿಸಿ ಗದರಿಸಿ ಕಲಿಸಿದವನು ಅವತ್ತು ತಾನೇ ಮರೆತ. ಎಡಗಿವಿಯ ತಮಟೆ ಒಡೆಯಿತು. ಮೇಲು ಯಾವುದು ಕೆಳಗು ಯಾವುದು ತಿಳಿಯದೆ ಒದ್ದಾಡುತ್ತಿದ್ದವನನ್ನು ಹಗ್ಗ ಹಿಡಿದಿದ್ದವರು ಎಳೆದು ದಡಕ್ಕೆ ಹಾಕಿದರು.

ದಡದಲ್ಲಿ ಅವನು ಆಡಿದ ಮೊದಲ ಮಾತೇ ಛತ್ರಿಯದು. ಅಷ್ಟು ಸಾಕಾಯಿತು. ಆಮೇಲೊಂದು ಮೋಡ ಕವಿದ ದಿನ ಇನ್ನಿಬ್ಬರನ್ನು ಇಳಿಸಿ ನೋಡಿದರು. ಕಲ್ಲು, ಪಾಚಿ, ಒಂದು ಹಳೆಯ ಟೈರು. ಕಚೇರಿಯ ಡಾಕ್ಟರು, ಸಿಲಿಂಡರಿನ ಗಾಳಿ ಕೆಟ್ಟು ತಲೆಗೇರಿದೆ ಎಂದರು. ಗಾಳಿಯನ್ನು ಪರೀಕ್ಷೆ ಮಾಡಿಸಿದಾಗ ಅದು ಚೆನ್ನಾಗಿಯೇ ಇತ್ತು. ಹಾಗಾದರೆ ತಲೆಯದೇ ದೋಷ ಎಂದು ಅದೇ ಬಾಯಲ್ಲಿ ಹೇಳಿದರು. ಮಲಗುವ ಮುನ್ನ ನುಂಗಲು ಮಾತ್ರೆ ಬರೆದುಕೊಟ್ಟರು. ಕಿವಿಯ ದೆಸೆಯಿಂದ ಅವನು ನೀರಿಗಿಳಿಯುವುದು ಹೇಗೂ ನಿಂತಿತ್ತು. ತಲೆಯ ಹೆಸರು ಹೇಳಿ ಅವನನ್ನು ಸ್ಟೋರಿಗೆ ಹಾಕಿದರು. ಪೈಪು, ನಲ್ಲಿ, ವಾಷರುಗಳನ್ನು ಕಿಟಕಿಯಿಂದ ಕೊಡುವ ಕೆಲಸ.

ಕಚೇರಿಯವರು ಅವನಿಗೆ 'ಛತ್ರಿ' ಎಂದೇ ಹೆಸರಿಟ್ಟರು. ಒಂದು ದಿನ ಸ್ಟೋರಿನ ಕಿಟಕಿಗೆ ಕಡ್ಡಿ ಮುರಿದ ಛತ್ರಿಯೊಂದನ್ನು ನೇತುಹಾಕಿ ಹೋಗಿದ್ದರು. ಮೊದಲಿನ ಅಣ್ಣನಾಗಿದ್ದರೆ ಅದನ್ನು ತೂಗುಹಾಕಿದವನ ಕೊರಳಿಗೇ ಸಿಕ್ಕಿಸಿ ಬರುತ್ತಿದ್ದ. ಈ ಅಣ್ಣ ಅದನ್ನು ಮನೆಗೆ ತಂದು, ಕಡ್ಡಿ ಸರಿಮಾಡಿ, ಮಾರನೆಯ ದಿನ ವಾಪಸ್ ಕೊಟ್ಟ. ನನಗೆ ಮೈಯೆಲ್ಲ ಉರಿದುಹೋಯಿತು.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಅಣ್ಣನಿಗೆ ತನ್ನ ಕಣ್ಣಿನ ಮೇಲೆ ನಂಬಿಕೆ ಹೋಗಿತ್ತು. ಬಾಲ್ಕನಿಯಲ್ಲಿ ನಿಂತವನು ಅತ್ತಿಗೆಯನ್ನು ಕೂಗಿ ಕರೆಯುತ್ತಿದ್ದ. ಎದುರಿನ ಗೋಡೆಯ ಮೇಲೆ ಬಿಳಿ ಬೆಕ್ಕು ಕೂತಿದೆಯಲ್ಲ, ನಿನಗೂ ಕಾಣುತ್ತಿದೆಯಾ ಎಂದು ಕೇಳುತ್ತಿದ್ದ. ಕಾಣುತ್ತಿದೆ ಎಂದು ಅವರು ಹೇಳಿದ ಮೇಲೆಯೇ ಅವನು ಬೆಕ್ಕನ್ನು ನೋಡುತ್ತಿದ್ದ. ಸೂರ್ಯ ಮುಳುಗುವಾಗ ಆಕಾಶ ಕೆಂಪಾದರೂ ಅದಕ್ಕೆ ಒಬ್ಬ ಸಾಕ್ಷಿ ಬೇಕಾಗುತ್ತಿತ್ತು. ಮಾತ್ರೆಯ ಡಬ್ಬಿಯನ್ನು ಅವನು ಇನ್ನೂ ಒಡೆದಿರಲಿಲ್ಲ. ಎಸೆದೂ ಇರಲಿಲ್ಲ.

ಆಟಿಕೆ ಅಂಗಡಿಯವನ ತಾಯಿಗೆ ಸೆಟ್ಟು ಕೊಡಲು ಹೋದಾಗ ವಾಪಸ್ ಬಂದ ಮಾಲಿನ ಪೆಟ್ಟಿಗೆಯಲ್ಲಿ ಒಂದು ಆಟಿಕೆ ಕಂಡೆ. ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದದ ಹಳದಿ ಪ್ಲಾಸ್ಟಿಕ್ ಸಬ್‌ಮರೀನ್. ಹಿಂದೆ ಎರಡು ಪುಟ್ಟ ಫ್ಯಾನುಗಳು, ಹೊಟ್ಟೆಯಲ್ಲಿ ಮೇಲಕ್ಕೂ ಕೆಳಕ್ಕೂ ತಳ್ಳುವ ಮೂರನೆಯದು, ಕೈಯಲ್ಲಿ ಹಿಡಿಯಲು ಎರಡು ಕಡ್ಡಿಯ ರಿಮೋಟು.

"ಅದು ಬೇಡ ಬಿಡಿ ಅಕ್ಕ," ಎಂದ ಅಂಗಡಿಯವನು. "ಅಗ್ಗದ ಮಾಲು. ಮುಳುಗುತ್ತೆ, ಏಳೋದಿಲ್ಲ. ತಗೊಂಡವರು ಬೈದು ಬಿಸಾಕಿ ಹೋದ್ರು."

"ಏಳೋ ಹಾಗೆ ಮಾಡಿದ್ರೆ?"

"ಮಾಡಿದ್ರೆ ನಿಮ್ಮದೇ. ಮಾಡದಿದ್ರೂ ನಿಮ್ಮದೇ, ನನ್ನ ಪೆಟ್ಟಿಗೆ ಖಾಲಿಯಾಗುತ್ತೆ."

ನನ್ನ ಲೆಕ್ಕ ಸರಳವಾಗಿತ್ತು. ಅಣ್ಣ ಇಳಿಯುವ ಹಾಗಿಲ್ಲ, ನನಗೆ ಈಜು ಬಾರದು, ಕಚೇರಿಯವರಂತೂ ಇನ್ನೊಮ್ಮೆ ಇಳಿಯುವುದಿಲ್ಲ. ಇದಾದರೂ ಇಳಿಯಲಿ.

ಬಿಚ್ಚಿ ನೋಡಿದರೆ ಒಳಗೆ ನೀರು ನುಗ್ಗಿ ರಾಮಾಯಣವಾಗಿತ್ತು. ಬ್ಯಾಟರಿಯ ತಗಡುಗಳಿಗೆ ಹಸಿರು ಹಿಡಿದಿತ್ತು, ಹೊಟ್ಟೆಯ ಮೋಟಾರು ತುಕ್ಕಿನಲ್ಲಿ ಬಿಗಿದು ಕೂತಿತ್ತು. ಬಾಯಿಯೊಳಗಿನ ಕೂದಲೆಳೆಯಷ್ಟು ಸಂದನ್ನೂ ಬಿಡದ ನನಗೆ ಇದೇನು ದೊಡ್ಡದು? ಹಸಿರನ್ನು ಸ್ಪಿರಿಟ್ಟಿನಲ್ಲಿ ತೊಳೆದೆ. ಮೋಟಾರಿನ ಕಡ್ಡಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ಚಿಮಟದಲ್ಲಿ ಹಿಡಿದು ಅತ್ತ ಇತ್ತ ತಿರುಗಿಸುತ್ತ ಕೂತೆ. ಬಹಳ ಹೊತ್ತಿನ ಮೇಲೆ ಅದು ಒಮ್ಮೆ ನರಳಿ ಬಿಟ್ಟುಕೊಟ್ಟಿತು. ಫ್ಯಾನಿನ ಕಡ್ಡಿಗಳು ಹೊರಬರುವ ತೂತುಗಳೇ ನೀರಿನ ಹೆಬ್ಬಾಗಿಲು ಎಂದು ಗೊತ್ತಾಗಿ, ಅಲ್ಲೆಲ್ಲ ವ್ಯಾಸಲೀನ್ ತುಂಬಿದೆ. ಮುಚ್ಚಳದ ರಬ್ಬರ್ ಉಂಗುರ ಬದಲಿಸಿದೆ. ರಿಮೋಟಿನ ಕಡ್ಡಿ ಒತ್ತಿದಾಗ ಮೂರು ಫ್ಯಾನುಗಳೂ ಗುಂಯ್ ಎಂದು ತಿರುಗಿದವು. ಕಪಾಟಿನ ಸೆಟ್ಟುಗಳೆಲ್ಲ ನನ್ನನ್ನು ನೋಡಿ ನಕ್ಕಂತಾಯಿತು.

ಕ್ಯಾಮೆರಾ ಅತ್ತಿಗೆಯ ಹತ್ತಿರ ಇತ್ತು. ಅವರು ಸ್ಕೂಲ್ ವ್ಯಾನ್ ಓಡಿಸುತ್ತಾರೆ. ರಸ್ತೆಯಲ್ಲಿ ಯಾರಾದರೂ ತಂದು ಗುದ್ದಿದರೆ ಸಾಕ್ಷಿಗಿರಲಿ ಎಂದು ಮುಂದಿನ ಗಾಜಿಗೆ ಹೆಬ್ಬೆರಳಿನಷ್ಟರ ಕ್ಯಾಮೆರಾ ಅಂಟಿಸಿಕೊಂಡಿದ್ದರು. ನಾನು ಕೇಳಿದಾಗ ಅವರು ಸ್ಟೀರಿಂಗ್ ಒರೆಸುತ್ತಿದ್ದರು.

"ಯಾಕೆ ಕೆದಕ್ತೀಯ?" ಎಂದರು. "ಈಗ ಹೇಗೋ ನಡೀತಿದೆ. ಹೋಗಿ ನೋಡಿ ಏನೂ ಕಾಣಲಿಲ್ಲ ಅಂತಿಟ್ಕೋ. ಆಮೇಲೆ ಅವರ ಗತಿ ಏನು?"

"ಕಂಡ್ರೆ?"

"ನೀನು ಕಂಡ್ರೆ ಅಂತೀಯ. ನಾನು ದಿನಾ ಅವರ ಜೊತೆ ಬದುಕ್ತೀನಿ. ಬೀದೀಲಿರೋ ಬೆಕ್ಕು ನಾಯಿಗೆಲ್ಲ ಹೌದು ಅಂತ ಹೇಳೋಳು ನಾನು." ಎಂದು ವ್ಯಾನ್ ಚಾಲೂ ಮಾಡಿದರು. ಆದರೂ ಮಾರನೆಯ ಬೆಳಿಗ್ಗೆ ನನ್ನ ಮೇಜಿನ ಮೇಲೆ ಕ್ಯಾಮೆರಾ ಇತ್ತು, ಅದರ ಅಂಟಿನ ಕಲೆಯನ್ನೂ ಕೆರೆದು ತೆಗೆದಿದ್ದರು.

ಅದಕ್ಕೆ ತಿಳಿ ಅಕ್ರಿಲಿಕ್ಕಿನಲ್ಲಿ ಒಂದು ಗೂಡು ಮಾಡಿದೆ. ನಾನು ಇಷ್ಟು ವರ್ಷ ಮಾಡಿದ ಯಾವ ಹಲ್ಲನ್ನೂ ಅಷ್ಟು ಪಾಲಿಶ್ ಮಾಡಿಲ್ಲ. ಗೂಡನ್ನು ಸಬ್‌ಮರೀನಿನ ಮೂತಿಗೆ ಕೂಡಿಸಿ, ಕೋಣೆಯ ದೊಡ್ಡ ಟಬ್ಬಿಗೆ ನೀರು ತುಂಬಿ ಬಿಟ್ಟರೆ ಅದು ಬೆಂಡಿನ ಹಾಗೆ ತೇಲಿತು. ಗೂಡಿನೊಳಗಿನ ಗಾಳಿ ಅದನ್ನು ಎತ್ತಿ ಹಿಡಿದಿತ್ತು. ಹಾಗಾಗಿ ಗಾಳ ಹಾಕುವವರು ಕಟ್ಟುವ ಸೀಸದ ಗುಂಡುಗಳನ್ನು ಒಂದೊಂದಾಗಿ ಹೊಟ್ಟೆಗೆ ಹಾಕುತ್ತ ಬಂದೆ. ಬೆನ್ನಿನ ರೆಕ್ಕೆಯ ತುದಿ ಮಾತ್ರ ನೀರಿನ ಮೇಲೆ ಉಳಿಯಬೇಕು. ರೇಡಿಯೋ ಕೈಕೊಟ್ಟರೂ ಬ್ಯಾಟರಿ ಸತ್ತರೂ ತಾನಾಗಿಯೇ ಮೇಲೆ ಬರುವಷ್ಟು ಹಗುರ, ಫ್ಯಾನು ತಳ್ಳಿದರೆ ಮುಳುಗುವಷ್ಟು ಭಾರ. ಆ ಹದ ಸಿಕ್ಕಿದ ಮೇಲೆ ಗುಂಡುಗಳನ್ನು ವಸಡು ತಿದ್ದುವ ಗುಲಾಬಿ ಮೇಣದಲ್ಲಿ ಭದ್ರವಾಗಿ ಕೂಡಿಸಿದೆ.

ಆಮೇಲೆ ಶುರುವಾಯಿತು ನನ್ನ ಪೀಕಲಾಟ. ಕಡ್ಡಿ ಒತ್ತಿದರೆ ಮುಳುಗುತ್ತಿತ್ತು. ಒಂದು ಗೇಣು ಇಳಿದದ್ದೇ ಫ್ಯಾನು ನಿಂತು ಹೆಣವಾಗುತ್ತಿತ್ತು. ನಿಧಾನ ಮೇಲೆ ಬಂದು ರೆಕ್ಕೆ ಹೊರಗೆ ಹಾಕಿದರೆ ಮತ್ತೆ ಜೀವ, ಮತ್ತೆ ಮುಳುಗು, ಮತ್ತೆ ಸಾವು. ಬಿಚ್ಚಿ ವೈರು ನೋಡಿದೆ. ಬೆಸುಗೆ ಹೊಸದಾಗಿ ಹಾಕಿದೆ. ಹೊರಗೆ ಮೇಜಿನ ಮೇಲೆ ಇಟ್ಟರೆ ಕುದುರೆಯಂತೆ ಓಡುವ ಮೋಟಾರು ಟಬ್ಬಿನೊಳಗೆ ಮುಷ್ಕರ ಹೂಡುತ್ತಿತ್ತು. ಮತ್ತೆ ಬಿಚ್ಚಿದೆ, ಮತ್ತೆ ಮುಚ್ಚಿದೆ, ಅದರ ವಂಶವನ್ನೆಲ್ಲ ಬೈದೆ.

ನನ್ನ ಬೈಗುಳ ಕೇಳಿ ಅಣ್ಣ ಕೆಳಗಿಳಿದು ಬಂದ. ಕಿವಿ ಮಂದವಾದವನಿಗೂ ಕೇಳುವಷ್ಟು ಜೋರಾಗಿತ್ತೆಂದು ಕಾಣುತ್ತದೆ. ಬಾಗಿಲಲ್ಲಿ ನಿಂತು ಟಬ್ಬಿನಲ್ಲಿ ಸಾಯುತ್ತ ಬದುಕುತ್ತ ಇದ್ದ ಹಳದಿ ಆಟಿಕೆಯನ್ನು ನೋಡಿದ. ಅದರ ಮೂತಿಯ ಕ್ಯಾಮೆರಾ ನೋಡಿದ. ಅವನಿಗೆ ನಾನು ಹೇಳಬೇಕಾದದ್ದೇನೂ ಉಳಿಯಲಿಲ್ಲ.

"ಹೊಂಡಕ್ಕಾ?" ಎಂದ.

"ಹೂಂ."

ಅವನು ಒಳಗೆ ಬಂದು ಟಬ್ಬಿನ ಪಕ್ಕ ಕುಕ್ಕರುಗಾಲಲ್ಲಿ ಕುಳಿತ. ಆಟಿಕೆ ಮುಳುಗಿ ಸಾಯುವುದನ್ನು ಇನ್ನೊಮ್ಮೆ ನೋಡಿದ. ಆಮೇಲೆ ಬೆರಳನ್ನು ನೀರಿಗೆ ಅದ್ದಿ ನಾಲಿಗೆಗೆ ಇಟ್ಟ.

"ಇದೇನೇ ಇದು, ಉಪ್ಪು!"

ನಾನು ಟಬ್ಬಿನ ಕಡೆ ನೋಡಿದೆ, ಕಿಟಕಿಯ ಮೇಲಿನ ಉಪ್ಪಿನ ಭರಣಿಯ ಕಡೆ ನೋಡಿದೆ. ರಿಪೇರಿಗೆ ಬರುವ ಹಳೆಯ ಸೆಟ್ಟುಗಳು ಯಾರ ಯಾರದೋ ಬಾಯಿಂದ ಬಂದವು. ಅವು ಮೊದಲು ಉಪ್ಪುನೀರಿಗೆ ಬಿದ್ದೇ ನನ್ನ ಕೈಗೆ ಬರಬೇಕು. ಆ ಕೋಣೆಯಲ್ಲಿ ನಾನು ನೀರು ತುಂಬಿದೆನೆಂದರೆ ಕೈ ತಾನಾಗಿಯೇ ಭರಣಿಗೆ ಹೋಗುತ್ತದೆ. ಟಬ್ಬು ದೊಡ್ಡದೆಂದು ಧಾರಾಳವಾಗಿಯೇ ಸುರಿದಿದ್ದೆ.

"ಉಪ್ಪುನೀರಲ್ಲಿ ರೇಡಿಯೋ ಓಡಲ್ಲ ಕಣೇ," ಎಂದ ಅಣ್ಣ. "ಸಮುದ್ರದಲ್ಲಿ ಟ್ರೈನಿಂಗ್ ಕೊಟ್ಟಾಗ ನಾವು ಹಗ್ಗ ಜಗ್ಗಿಯೇ ಮಾತಾಡ್ತಿದ್ದಿದ್ದು. ಸಿಹಿನೀರಲ್ಲಾದ್ರೆ ಒಂದಾಳು ಆಳಕ್ಕಾದ್ರೂ ಕೇಳಿಸುತ್ತೆ. ಪಾಪ, ಅದನ್ನ ಎಷ್ಟು ಸಲ ಬಿಚ್ಚಿದೆ?"

"ಲೆಕ್ಕ ಇಟ್ಟಿಲ್ಲ."

ಅಣ್ಣ ನಕ್ಕ. ತಲೆ ಹಿಂದಕ್ಕೆ ಹಾಕಿ, ಹೊಟ್ಟೆ ಹಿಡಿದುಕೊಂಡು ನಕ್ಕ. ಹಲ್ಲು ಕಟ್ಟುವವಳು ಸಬ್‌ಮರೀನಿಗೂ ಬಾಯಿ ಮುಕ್ಕಳಿಸಿದಳು ಎಂದು ಮೇಲಿನ ಮಹಡಿಗೆ ಕೇಳುವಂತೆ ಕೂಗಿದ. ಆ ನಗೆ ಕೇಳಿ ಎಷ್ಟು ಕಾಲವಾಗಿತ್ತೆಂದರೆ, ನನ್ನನ್ನೇ ಆಡಿಕೊಳ್ಳುತ್ತಿದ್ದಾನೆ ಎಂಬುದೂ ನನಗೆ ಮರೆತುಹೋಯಿತು.

ಟಬ್ಬು ತೊಳೆದು ಬರಿಯ ನಲ್ಲಿನೀರು ತುಂಬಿದೆವು. ಅಣ್ಣ ಸಬ್‌ಮರೀನನ್ನು ಎರಡು ಕೈಯಲ್ಲೂ ಹಿಡಿದು ತಳಕ್ಕೆ ಒತ್ತಿದ. "ಒತ್ತು," ಎಂದ. ಒತ್ತಿದೆ. ನೀರಿನಡಿಯಲ್ಲಿ ಮೂರು ಫ್ಯಾನುಗಳೂ ತಿರುಗಿದವು. ಅವನ ಅಂಗೈಯಲ್ಲಿ ಅದು ಹಿಡಿದ ಮೀನಿನಂತೆ ಜಗ್ಗಿತು. ಬಿಡು ಎಂದರೆ ಅವನು ಬಿಡಲಿಲ್ಲ. ಮೊಣಕೈವರೆಗೆ ನೀರಿನಲ್ಲಿ ಕೈ ಇಟ್ಟುಕೊಂಡು, ಕಣ್ಣು ಮುಚ್ಚಿ, ಆ ಸಣ್ಣ ಜಗ್ಗಾಟವನ್ನು ಅನುಭವಿಸುತ್ತ ಕೂತುಬಿಟ್ಟ.

"ನೋಡೋಣ," ಎಂದ ಕೈ ಒರೆಸಿಕೊಳ್ಳುತ್ತ. ನಗು ಹೋಗಿತ್ತು. "ಒಂದೇ ಸಲ ನೋಡೋದು. ಏನೂ ಇಲ್ಲದೇ ಇದ್ರೆ ಅವತ್ತಿಂದ್ಲೇ ನಾನು ಆ ಮಾತ್ರೆ ಶುರು ಮಾಡ್ತೀನಿ. ಆಮೇಲೆ ಈ ಮನೇಲಿ ಯಾರೂ ಈ ಮಾತು ಎತ್ತಬಾರದು."

ಮೆಟ್ಟಿಲ ಮೇಲೆ ನಿಂತಿದ್ದ ಅತ್ತಿಗೆ ಅದನ್ನು ಕೇಳಿಸಿಕೊಂಡರು. ರಜೆಯ ದಿನ ವ್ಯಾನ್ ತೆಗೆಯುತ್ತೇನೆ ಎಂದಷ್ಟೇ ಹೇಳಿ ಮೇಲೆ ಹೋದರು.

ಕ್ವಾರಿಯ ಹೊಂಡವನ್ನು ನಾನು ಅವತ್ತೇ ಮೊದಲು ನೋಡಿದ್ದು. ಸುಡುವ ಬಿಸಿಲು. ಮೂರು ಕಡೆ ಕಡಿದಾದ ಬಂಡೆ, ಒಂದು ಕಡೆ ಲಾರಿಗಳು ಇಳಿಯುತ್ತಿದ್ದ ಇಳಿಜಾರು ಹಾದಿ ಹಾಗೇ ನೀರಿನೊಳಕ್ಕೆ ಹೋಗಿತ್ತು. ನೀರು ಎಷ್ಟು ತಿಳಿಯಾಗಿತ್ತೆಂದರೆ ಆ ಹಾದಿ ನೀರಿನಡಿಯಲ್ಲೂ ಮುಂದುವರಿದು, ಹಸಿರಾಗಿ, ಆಮೇಲೆ ನೀಲಿಯಾಗಿ, ಆಮೇಲೆ ಇಲ್ಲವಾಗುವುದು ಕಾಣುತ್ತಿತ್ತು. ಇಂಥ ಹಾದಿಯಲ್ಲಿ ನಡೆದುಕೊಂಡು ಹೋಗುತ್ತಿದ್ದವನೇ ನನ್ನ ಜೊತೆ ಊಟಕ್ಕೆ ಕುಳಿತು ಜಗಳವಾಡುತ್ತಿದ್ದವನು ಎಂದು ಅನ್ನಿಸಿ ಅಣ್ಣನ ಮುಖವನ್ನು ಹೊಸದಾಗಿ ನೋಡಿದೆ.

ಅವನು ಜೇಬಿನಿಂದ ಗಾಳದ ದಾರದ ಉಂಡೆ ತೆಗೆದು ಸಬ್‌ಮರೀನಿನ ಬಾಲಕ್ಕೆ ಕಟ್ಟತೊಡಗಿದ.

"ಫ್ಯಾನಿಗೆ ಸುತ್ತಿಕೊಳ್ಳುತ್ತೆ ಕಣೋ!"

"ಸುತ್ತಿಕೊಳ್ಳಲಿ. ಹಗ್ಗ ಇಲ್ಲದೆ ಯಾರನ್ನೂ ನಾನು ನೀರಿಗೆ ಬಿಡೋಲ್ಲ."

"ಅದೇನು ಮನುಷ್ಯನಾ?"

"ಮೂತಿಗೆ ಕಣ್ಣಿದೆಯಲ್ಲ," ಎಂದು ಗಂಟು ಬಿಗಿದ.

ಕ್ಯಾಮೆರಾ ಚಾಲೂ ಮಾಡಿ, ಗೂಡು ಮುಚ್ಚಿ, ಹಾದಿಯ ಅಂಚಿನ ಒಂದು ಚಪ್ಪಡಿಯ ಮೇಲೆ ಮಂಡಿಯೂರಿ ಅದನ್ನು ನೀರಿಗೆ ಬಿಟ್ಟೆ. ರೆಕ್ಕೆಯ ತುದಿ ಮೇಲೆ ಉಳಿಯುತ್ತದೆ ಎಂದು ಕಾದೆ. ಉಳಿಯಲಿಲ್ಲ. ನಾನು ಕಡ್ಡಿ ಮುಟ್ಟುವ ಮೊದಲೇ ಅದು ಇಳಿಯತೊಡಗಿತು. ಮೇಲಕ್ಕೆ ಬಾ ಎಂದು ಒತ್ತಿದೆ. ಹೊಟ್ಟೆಯ ಫ್ಯಾನು ತಿರುಗಿತು, ಒಂದು ಕ್ಷಣ ಇಳಿಯುವುದು ತಡೆದ ಹಾಗಾಯಿತು. ಮರುಕ್ಷಣ ಅದು ರೇಡಿಯೋಗೆ ಎಟುಕದಷ್ಟು ಕೆಳಗೆ ಹೋಗಿತ್ತು. ಹಳದಿ ಬಣ್ಣ ಹಸಿರಾಯಿತು, ಹಸಿರು ಮಸುಕಾಯಿತು. ಅಣ್ಣನ ಕೈಯಲ್ಲಿ ಉಂಡೆ ಮಾತ್ರ ಸುತ್ತು ಬಿಚ್ಚುತ್ತಲೇ ಇತ್ತು.

"ಯಾವ ನೀರಲ್ಲಿ ಭಾರ ಹಾಕಿದೆ?" ಎಂದು ಅವನು ತಿರುಗದೆಯೇ ಕೇಳಿದ.

"ಉಪ್ಪುನೀರಲ್ಲಿ," ಎಂದೆ. ಉಪ್ಪುನೀರು ಹೆಚ್ಚು ಎತ್ತಿ ಹಿಡಿಯುತ್ತದೆ. ಅದರಲ್ಲಿ ತೇಲುವ ಹದಕ್ಕೆ ಹಾಕಿದ ಸೀಸ ಸಿಹಿನೀರಿಗೆ ಅತಿಯಾಯಿತು. ನೀರು ಬದಲಿಸಿದೆವು, ರೇಡಿಯೋ ನೋಡಿದೆವು, ಸೀಸ ಹಾಗೆಯೇ ಇತ್ತು. ಟಬ್ಬಿನಲ್ಲಿ ಅವನು ಅದನ್ನು ಕೈಬಿಡಲಿಲ್ಲವಾದ್ದರಿಂದ ತೇಲುತ್ತದೋ ಮುಳುಗುತ್ತದೋ ನೋಡಲೇ ಇಲ್ಲ.

ದಾರ ಸಡಿಲಾಯಿತು. ತಳ ಸಿಕ್ಕಿತು ಎಂದ ಅಣ್ಣ. ಮೆಲ್ಲಗೆ ಎಳೆದ, ದಾರ ಬಿಗಿಯಾಯಿತು, ಬರಲಿಲ್ಲ. ಪಂಪಿನ ಪೈಪಿಗೋ ಅದರ ಜಾಲರಿಗೋ ಸಿಕ್ಕಿಕೊಂಡಿತ್ತು. ಗಟ್ಟಿಯಾಗಿ ಎಳೆದರೆ ದಾರ ಕಿತ್ತುಬರುತ್ತದೆ, ಕ್ಯಾಮೆರಾ ಅಲ್ಲೇ ಉಳಿಯುತ್ತದೆ. ಕಂಡಿತೋ ಇಲ್ಲವೋ ಎಂಬುದೂ ಅದರ ಜೊತೆ ಅಲ್ಲೇ ಉಳಿಯುತ್ತದೆ.

ಅಣ್ಣ ದಾರವನ್ನು ಎರಡು ಬೆರಳ ನಡುವೆ ಹಿಡಿದು ತಲೆ ತಗ್ಗಿಸಿ ನಿಂತ. ನಾಡಿ ನೋಡುವ ವೈದ್ಯರು ಹಾಗೆ ನಿಲ್ಲುತ್ತಾರೆ. ಕಿವಿ ಹೋದ ಮೇಲೆ ಅವನ ಬೆರಳೇ ಕೇಳಿಸಿಕೊಳ್ಳುತ್ತಿತ್ತೇನೋ. ಒಮ್ಮೆ ಸಣ್ಣಗೆ ಜಗ್ಗಿದ, ಬಿಟ್ಟ, ಮತ್ತೆ ಜಗ್ಗಿದ. ಕೆಳಗಿರುವವರಿಗೆ ಏನೋ ಹೇಳುವವನ ಹಾಗೆ. ಆಮೇಲೆ ಅಂಗಿ ಬಿಚ್ಚತೊಡಗಿದ.

"ರೀ!" ಅತ್ತಿಗೆ ವ್ಯಾನಿನಿಂದ ಓಡಿಬಂದರು. "ಇಳಿದ್ರೆ ನನ್ನ ಮೇಲಾಣೆ!"

"ಬೇಡ ಕಣೋ, ಹೋದ್ರೆ ಹೋಗ್ಲಿ, ಆಟದ ಸಾಮಾನು!" ಎಂದು ನಾನೂ ಕಿರುಚಿದೆ.

"ಮೊಣಕಾಲುದ್ದಕ್ಕೆ ಹೋಗ್ತೀನಿ ಅಷ್ಟೇ," ಎಂದ. "ಅಂಗಿ ಯಾಕೆ ಒದ್ದೆ ಮಾಡ್ಬೇಕು? ಇಲ್ಲಿಂದ ಎಳೆದ್ರೆ ಜಾಲರಿಯೊಳಕ್ಕೇ ಹೋಗುತ್ತೆ. ಆ ಕಡೆಯಿಂದ ಎಳೀಬೇಕು."

ಅತ್ತಿಗೆ ಅವನ ಬೆಲ್ಟನ್ನು ಹಿಂದಿನಿಂದ ಎರಡು ಕೈಯಲ್ಲೂ ಹಿಡಿದುಕೊಂಡರು. ನೀರಿನಡಿಯ ಲಾರಿ ಹಾದಿಯಲ್ಲಿ ಅವನು ಒಂದೊಂದೇ ಹೆಜ್ಜೆ ಇಟ್ಟ, ಅವರು ಚಪ್ಪಲಿಯನ್ನೂ ಬಿಚ್ಚದೆ ಹಿಂದೆಯೇ ಇಳಿದರು. ದಾರವನ್ನು ಪೂರಾ ಸಡಿಲು ಬಿಟ್ಟು, ಸುತ್ತಿ ಆ ಕಡೆಯ ಬಂಡೆಯ ಹತ್ತಿರ ಹೋಗಿ, ಅವನು ಕಾದ. ಯಾಕೆ ಕಾಯುತ್ತಿದ್ದಾನೆ ಎಂದು ನನಗೆ ಜೀವ ಬಾಯಿಗೆ ಬಂದಿತ್ತು. ದಾರ ತಾನಾಗಿ ನೆಟ್ಟಗಾಗಲಿ ಎಂದು ಕಾದನಂತೆ. ಆಮೇಲೆ ಹೂವಿನಿಂದ ದಾರ ಎಳೆದಷ್ಟು ಮೃದುವಾಗಿ ಎಳೆದ. ಬಂತು. ಎಳೆದಷ್ಟೂ ಬಂತು. ಕತ್ತಲೆಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ಬಣ್ಣ ಬದಲಿಸುತ್ತ ನನ್ನ ಸಬ್‌ಮರೀನ್ ಹಿಮ್ಮುಖವಾಗಿ ಮೇಲೆ ಬಂತು. ಗೂಡಿನೊಳಗೆ ಒಂದು ಹನಿ ನೀರೂ ಇರಲಿಲ್ಲ. ಕ್ಯಾಮೆರಾದ ಕೆಂಪು ದೀಪ ಮಿಣುಕುತ್ತಲೇ ಇತ್ತು.

ವ್ಯಾನಿನ ನೆರಳಿನಲ್ಲಿ ಕ್ಯಾಮೆರಾವನ್ನು ಫೋನಿಗೆ ಸಿಕ್ಕಿಸಿದೆ. ಅಣ್ಣ ಬಾ ಎಂದರೆ ಬರಲಿಲ್ಲ. ವ್ಯಾನಿನ ಆಚೆ ಬದಿಗೆ ಹೋಗಿ ಬೆನ್ನು ತಿರುಗಿಸಿ ನಿಂತ.

"ನೀವಿಬ್ಬರೂ ನೋಡಿ. ನಾನು ನೋಡೋಲ್ಲ. ಕಂಡದ್ದನ್ನ ಕಂಡ ಹಾಗೇ ಹೇಳಿ. ನನಗೋಸ್ಕರ ಒಂದು ಮಾತೂ ಸೇರಿಸಬೇಡಿ."

ನಾನೂ ಅತ್ತಿಗೆಯೂ ಸೀಟಿನ ಮೇಲೆ ಒತ್ತಿಕೊಂಡು ಕುಳಿತೆವು. ಮೊದಲು ನನ್ನ ಬೆರಳುಗಳು. ಆಮೇಲೆ ಹಸಿರು, ಬಂಡೆಯ ಗೋಡೆ ಮೇಲಕ್ಕೆ ಓಡುತ್ತಿರುವಂತೆ. ಒಂದು ಕಡೆ ನೀರಿನೊಳಗೇ ಇನ್ನೊಂದು ನೀರಿನ ಮೇಲ್ಮೈ ಇದ್ದ ಹಾಗೆ ಎಲ್ಲ ಅಲುಗಿ ಕಲಸಿತು. ಬಿಸಿನೀರು ಮುಗಿದು ತಣ್ಣೀರು ಶುರುವಾಗುವ ಜಾಗವಂತೆ ಅದು. ಅಲ್ಲಿಂದ ಕೆಳಗೆ ಮಬ್ಬು. ಪೈಪು. ಜಾಲರಿ. ಸಬ್‌ಮರೀನ್ ಬಾಲ ಸಿಕ್ಕಿಸಿಕೊಂಡು ಮೂತಿ ಮೇಲೆ ಮಾಡಿ ನಿಂತಿತು. ನಾವು ದಡದಲ್ಲಿ ಕಿರುಚಾಡುತ್ತಿದ್ದ ಹೊತ್ತೆಲ್ಲ ಅದು ಅಲುಗದೆ ಬೆಳಕಿನ ಕಡೆ ನೋಡುತ್ತಿತ್ತು.

ಏನೂ ಇರಲಿಲ್ಲ. ಬರಿಯ ನೀರು. ಅತ್ತಿಗೆಯ ಉಗುರು ನನ್ನ ತೋಳಿಗೆ ನಾಟಿತು. ಇನ್ನೂ ಬರಿಯ ನೀರು.

ಆಮೇಲೆ ಒಂದು ಮೂಲೆಯಲ್ಲಿ ಬೆಳಕು ತುಸು ಬಾಗಿತು. ಬಾಗಿದ ಬೆಳಕಿಗೆ ಅಂಚು ಮೂಡಿತು. ಅಂಚು ಮುದುಡಿತು, ಅರಳಿತು. ಅದರ ಹಿಂದೆ ಇನ್ನೊಂದು. ನೋಡುತ್ತಿದ್ದಂತೆ, ಇಷ್ಟು ಹೊತ್ತೂ ಬರಿಯ ನೀರು ಎಂದುಕೊಂಡದ್ದೆಲ್ಲ ಅವುಗಳಿಂದಲೇ ತುಂಬಿತ್ತೆಂದು ಕಣ್ಣಿಗೆ ಹೊಳೆಯಿತು. ಪುಟ್ಟ ಪುಟ್ಟ ಗಾಜಿನ ಬಟ್ಟಲುಗಳು, ಅಂಚಿಗೆ ಉಸಿರಿನಷ್ಟು ತೆಳ್ಳಗಿನ ಎಳೆಗಳು, ಅವಸರವಿಲ್ಲದೆ ಏರುತ್ತಿದ್ದವು, ಬೋರಲಾಗಿ ಇಳಿಯುತ್ತಿದ್ದವು. ನಾವು ಕುಡಿಯುವ ನೀರು ಅದು. ದಿನಾ ಲೋಟಕ್ಕೆ ಹಿಡಿಯುವ ನೀರಿನ ತಾಯಿಮನೆಯಲ್ಲಿ ಇಂಥದೊಂದು ನಡೆಯುತ್ತಿತ್ತು, ಯಾರಾದರೂ ನೋಡಲಿ ಎಂದಲ್ಲ, ಯಾರಾದರೂ ನಂಬಲಿ ಎಂದಲ್ಲ. ಇವು ಸಿಹಿನೀರಿನ ಲೋಳೆಮೀನುಗಳು, ವರ್ಷಗಟ್ಟಲೆ ಕಲ್ಲಿಗಂಟಿ ಚುಕ್ಕೆಯಾಗಿದ್ದು ಯಾವುದೋ ಒಂದು ಬೇಸಿಗೆ ಮನಸ್ಸಾದರೆ ಮಾತ್ರ ಹೊರಬರುತ್ತವೆ, ಮೋಡದ ದಿನ ಮೇಲೇಳುವುದಿಲ್ಲ ಎಂದು ತಿಳಿದವರು ಆಮೇಲೆ ಹೇಳಿದರು. ಆ ಹೊತ್ತಿನಲ್ಲಿ ಅವಕ್ಕೆ ಹೆಸರಿರಲಿಲ್ಲ.

ಮೊದಲು ಮಾತಾಡಿದ್ದು ಅತ್ತಿಗೆ.

"ಇವೆ ರೀ," ಎಂದರು. ಸಣ್ಣ ದನಿಯಲ್ಲಿ ಹೇಳಿದ್ದು ಅವನಿಗೆ ಕೇಳಿಸುವುದಿಲ್ಲ ಎಂದು ನೆನಪಾಗಿ ಮತ್ತೆ ಜೋರಾಗಿ ಹೇಳಿದರು. "ಇವೆ! ತುಂಬ ಇವೆ. ಏರ್ತಿವೆ, ಇಳೀತಿವೆ."

ಅಣ್ಣ ನಿಂತಲ್ಲಿಂದ ಕದಲಲಿಲ್ಲ. ಹೌದು ಎನ್ನುವುದು ಅವರಿಗೆ ಅಭ್ಯಾಸವಾಗಿದೆ ಎಂದು ಅವನಿಗೂ ಗೊತ್ತಿತ್ತು.

ಅತ್ತಿಗೆ ಫೋನನ್ನು ಮುಖದ ಹತ್ತಿರ ತಂದುಕೊಂಡರು. ಒಂದು ಛತ್ರಿ ಕ್ಯಾಮೆರಾಗೆ ತಾಗುವಷ್ಟು ಹತ್ತಿರ ಬಂದಿತ್ತು.

"ಒಳಗೆ ಬಿಳೀದು ಏನೋ ಇದೆ," ಎಂದರು. "ಮಧ್ಯದಲ್ಲಿ. ಎರಡು ಗೆರೆ, ಅಡ್ಡಡ್ಡ. ಮಕ್ಕಳ ಲೆಕ್ಕದಲ್ಲಿ ಕೂಡೋ ಗುರುತು ಇರುತ್ತಲ್ಲ, ಹಾಗೆ. ಎಲ್ಲದರಲ್ಲೂ ಇದೆ."

ಅಣ್ಣ ವ್ಯಾನನ್ನು ಸುತ್ತಿಕೊಂಡು ಬಂದ. ಬಾಗಿಲು ಹಿಡಿದು ನಿಂತ.

"ಇನ್ನೊಂದು ಸಲ ಹೇಳು."

"ಕೂಡೋ ಗುರುತು. ಬಿಳೀದು. ಯಾಕ್ರೀ?"

"ಅದನ್ನ ನಾನು ಯಾರಿಗೂ ಹೇಳಿರಲಿಲ್ಲ," ಎಂದ ಅಣ್ಣ. "ಡಾಕ್ಟರ್‌ಗೂ ಹೇಳಲಿಲ್ಲ, ನಿನಗೂ ಹೇಳಲಿಲ್ಲ. ಎಲ್ಲಾರೂ ನಗೋದಕ್ಕೆ ಶುರು ಮಾಡಿದ ಮೇಲೆ ಅದೊಂದನ್ನ ಬಾಯಿ ಬಿಡಲಿಲ್ಲ. ಯಾವತ್ತಾದ್ರೂ ಯಾರಾದ್ರೂ ತಾವಾಗೇ ನೋಡಿ ಹೇಳಿದ್ರೆ..." ವ್ಯಾನಿನ ಮೆಟ್ಟಿಲ ಮೇಲೆ ಕುಸಿದು ಕುಳಿತು, ಒದ್ದೆ ಕಾಲುಗಳ ನಡುವೆ ತಲೆ ಇಟ್ಟು, ಮಗುವಿನ ಹಾಗೆ ಅತ್ತ. ನಾನೂ ಅತ್ತೆ. ನನಗೆ ಅಳುವವರನ್ನು ಕಂಡರೆ ಆಗುವುದಿಲ್ಲ, ಆದರೂ ಅತ್ತೆ.

ಫೋನಿನಲ್ಲಿ ನೋಡು ಎಂದು ಕೊಟ್ಟರೆ ಅವನು ತೆಗೆದುಕೊಳ್ಳಲಿಲ್ಲ. ಎದ್ದು ನೇರವಾಗಿ ಚಪ್ಪಡಿಗೆ ಹೋಗಿ ಬೋರಲು ಮಲಗಿದ. ಗಲ್ಲ ನೀರಿಗೆ ತಾಗುವಷ್ಟು ಮುಂದೆ ಸರಿದ. ಅತ್ತಿಗೆ ಅವನ ಬೆಲ್ಟ್ ಹಿಡಿದು ಪಕ್ಕದಲ್ಲೇ ಮಲಗಿದರು, ನಾನೂ ಮಲಗಿದೆ. ಬಿಸಿಲು ನೆತ್ತಿ ದಾಟಿ ನೀರಿನೊಳಕ್ಕೆ ಓರೆಯಾಗಿ ಇಳಿಯುತ್ತಿತ್ತು. ಆ ಬೆಳಕಿನ ಜಾಡು ಹಿಡಿದು ಅವು ಮೇಲೆ ಬರುತ್ತಿದ್ದವು. ಮೊದಲು ಆಳದಲ್ಲಿ ಮಿನುಗು, ಆಮೇಲೆ ನಮ್ಮ ಮುಖದ ಕೆಳಗೇ ಉಸಿರಾಡುವ ನೀರು.

"ಕಚ್ಚುತ್ತಾ ಇವು?" ಎಂದು ಅತ್ತಿಗೆ ಕೇಳಿದರು.

"ನನಗೇನು ಗೊತ್ತು?"

ಅತ್ತಿಗೆ ಅಂಗೈಯನ್ನು ಬೊಗಸೆ ಮಾಡಿ ನೀರಿಗಿಳಿಸಿದರು. ಒಂದು ಛತ್ರಿ ಬಂದು ಬೊಗಸೆಯೊಳಗೆ ಅರಳಿತು, ಮುದುಡಿತು, ಅವರ ಬೆರಳ ಸಂದಿನಿಂದ ತನ್ನ ಪಾಡಿಗೆ ಹೊರಟುಹೋಯಿತು. ಅಣ್ಣ ಅದು ಹೋದ ದಾರಿಯನ್ನೇ ನೋಡುತ್ತಿದ್ದ. ಆಮೇಲೆ ಹೆಂಡತಿಯ ಕಡೆ ತಿರುಗಿ, ಬಂಡೆಗಳೆಲ್ಲ ಮಾರ್ದನಿ ಕೊಡುವಷ್ಟು ಜೋರಾಗಿ ಹೇಳಿದ:

"ಹಾಗಾದ್ರೆ ನಂದು ಕೆಟ್ಟಿರೋದು ಕಿವಿ ಒಂದೇ ಕಣೇ!"

ಅತ್ತಿಗೆ ಒದ್ದೆ ಕೈಯಿಂದ ಆ ಕೆಟ್ಟ ಕಿವಿಯನ್ನೇ ಹಿಡಿದು, ನೋವಾಗದಷ್ಟು ಮೆಲ್ಲಗೆ, ಹಿಂಡಿದರು.